ಓದುಗರು ತಪ್ಪು ತೋರಿಸಿದಾಗ ಏನು ಮಾಡಬೇಕು? ಊರಿನ ಬಗ್ಗೆ ಬರೆಯುವವರಿಗೊಂದು ಮಾರ್ಗದರ್ಶಿ

ಆ ಹುಡುಗಿ ಏಳನೇ ಕ್ಲಾಸು. ರಾಜ್ಯೋತ್ಸವದ ದಿನ ಶಾಲೆಯಲ್ಲಿ ಭಾಷಣಕ್ಕೆ ನಿಂತಿದ್ದಳು. "1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟರು" ಅಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಅಲ್ಲೇ ತಿದ್ದಿದರು. ಮಗು ಮಾತು ತಡವರಿಸಿ, ಮಿಕ್ಕಿದ್ದನ್ನು ಹೇಳದೆ ಕೆಳಗಿಳಿಯಿತು.

ಆ ಸಾಲು ಅವಳದಲ್ಲ, ನನ್ನದು. ಊರಿನ ಸ್ಮರಣ ಸಂಚಿಕೆಗೆ ನಾನು ಬರೆದ ಲೇಖನದಿಂದ ಅವಳು ಬರೆದುಕೊಂಡಿದ್ದಳು. 1956ರಲ್ಲಿ ಕನ್ನಡ ಮಾತಾಡುವ ಪ್ರದೇಶಗಳು ಒಂದಾದವು. ಆದರೆ ಆಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಇದು ನನಗೆ ಗೊತ್ತಿತ್ತು. ಅವಸರದಲ್ಲಿ ಎರಡನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದೆ.

ನನಗೆ ಇವತ್ತಿಗೂ ಬೇಜಾರಾಗುವುದು ಬೇರೆ ಕಾರಣಕ್ಕೆ. ಸಂಚಿಕೆ ಹೊರಬಂದ ಎರಡೇ ವಾರಕ್ಕೆ ಒಬ್ಬ ಓದುಗರು ಇದೇ ತಪ್ಪನ್ನು ತೋರಿಸಿ ಕಾಗದ ಬರೆದಿದ್ದರು. ಓದಿದೆ. ಸರಿ ಅನ್ನಿಸಿತು. ಸಣ್ಣ ವಿಷಯ, ಇನ್ನೊಮ್ಮೆ ಅಚ್ಚಾದಾಗ ನೋಡೋಣ ಅಂತ ಮೇಜಿನ ಡ್ರಾಯರಿಗೆ ಹಾಕಿದೆ. ಆ ಕಾಗದ ಎಂಟು ತಿಂಗಳು ಡ್ರಾಯರಿನಲ್ಲಿತ್ತು. ಅಷ್ಟರಲ್ಲಿ ತಪ್ಪು ಮಾತ್ರ ಊರೆಲ್ಲ ತಿರುಗಿ ಒಂದು ಮಗುವಿನ ಬಾಯಿಗೆ ಬಂದಿತ್ತು.

ಆಮೇಲೆ ನಾನು ಒಂದು ಕ್ರಮ ಮಾಡಿಕೊಂಡೆ. ಊರು, ಕೆರೆ, ಗುಡಿ, ಮನೆತನ, ಜಾತ್ರೆ, ಅಡುಗೆ, ಗಿಡಮರ, ಹೀಗೆ ಸುತ್ತಮುತ್ತಲಿನ ವಿಷಯ ಬರೆಯುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿದ್ದೇನೆ. ಇಂಥ ಬರವಣಿಗೆಯಲ್ಲಿ ನಮಗಿಂತ ಜಾಸ್ತಿ ತಿಳಿದವರು ಓದುಗರಲ್ಲೇ ಇರುತ್ತಾರೆ. ಆ ಕೆರೆಯಲ್ಲಿ ಈಜಿದವರು, ಆ ಜಾತ್ರೆಯಲ್ಲಿ ತೇರು ಎಳೆದವರು ಅವರೇ ಅಲ್ವಾ?

1. ತಲುಪಿತು ಎಂದು ಹೇಳಿ, ಉತ್ತರ ಆಮೇಲೆ ಕೊಡಿ

ತಪ್ಪು ತೋರಿಸಿದ ಕಾಗದ ಬಂದರೆ ಮೈ ಬಿಸಿಯಾಗುತ್ತದೆ. ಫೋನಾದರೆ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಕೊಡುವ ಉತ್ತರ ನಮ್ಮನ್ನು ಕಾಪಾಡಿಕೊಳ್ಳುವುದಕ್ಕೆ ಇರುತ್ತದೆ, ವಿಷಯ ಸರಿಮಾಡುವುದಕ್ಕಲ್ಲ. ಹಾಗಂತ ಸುಮ್ಮನಿದ್ದರೂ ತಪ್ಪಾಗುತ್ತದೆ. ಎದುರಿನವರು ಸಮಯ ತೆಗೆದುಕೊಂಡು ಬರೆದಿದ್ದಾರೆ. ಅದಕ್ಕೆ ಆ ದಿನವೇ ಎರಡು ಸಾಲು ಸಾಕು: "ನೀವು ಬರೆದದ್ದು ತಲುಪಿತು. ನೋಡಿ, ಮುಂದಿನ ವಾರದೊಳಗೆ ಹೇಳುತ್ತೇನೆ." ಫೋನಿನಲ್ಲಾದರೆ "ಒಂದು ನಿಮಿಷ, ಬರೆದುಕೊಳ್ಳುತ್ತೇನೆ" ಅನ್ನಿ. ಬರೆದುಕೊಳ್ಳುತ್ತಿದ್ದೀರಿ ಎಂದು ಗೊತ್ತಾದ ತಕ್ಷಣ ಎಷ್ಟೋ ಜನರ ದನಿ ಮೆತ್ತಗಾಗುತ್ತದೆ.

ಇದಕ್ಕೆ ಒಂದು ನೋಟ್‌ಬುಕ್ ಇಡಿ. ತಾರೀಕು, ಹೇಳಿದವರು ಯಾರು, ನನ್ನ ಯಾವ ಸಾಲು, ಅವರು ಹೇಳುವುದು ಏನು, ಅವರಿಗೆ ಅದು ಹೇಗೆ ಗೊತ್ತು. ಈ ಕೊನೆಯದನ್ನು ಕೇಳಲು ಮರೆಯಬೇಡಿ. "ನಿಮಗೆ ಇದು ಹೇಗೆ ತಿಳಿಯಿತು?" ಎಂದು ಆಸೆಯಿಂದ ಕೇಳಿದರೆ ಒಳ್ಳೆಯ ಕಥೆಯೇ ಸಿಗುತ್ತದೆ. ಅದೇ ಮಾತನ್ನು ಪಾಟೀಸವಾಲಿನ ದನಿಯಲ್ಲಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

2. ಬಂದದ್ದು ಯಾವ ಬಗೆಯದು ನೋಡಿ

ಎಲ್ಲಕ್ಕೂ ಒಂದೇ ಮದ್ದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಟಿಪ್ಪಣಿಯ ಪಕ್ಕ ಒಂದು ಅಕ್ಷರ ಹಾಕುತ್ತೇನೆ. ಅಚ್ಚಿನ ತಪ್ಪಿಗೆ "ಅ". ಸಂಗತಿ ತಪ್ಪಾಗಿದ್ದರೆ "ಸ". ಬಿಟ್ಟುಹೋದದ್ದಕ್ಕೆ "ಬಿ". ಅಭಿಪ್ರಾಯಭೇದ ಇದ್ದರೆ "ಭೇ". ಯಾರಿಗಾದರೂ ನೋವಾಗಿದ್ದರೆ "ನೋ". ಒಂದೇ ಕಾಗದದಲ್ಲಿ ಮೂರು ಬಗೆಯೂ ಇರಬಹುದು. ಬೇರೆಬೇರೆ ಮಾಡಿ. ಇಲ್ಲದಿದ್ದರೆ ಅಭಿಪ್ರಾಯದ ಜಗಳದಲ್ಲಿ ನಿಜವಾದ ತಪ್ಪೊಂದು ಮುಚ್ಚಿಹೋಗುತ್ತದೆ.

ಅಚ್ಚಿನ ತಪ್ಪು, ಕಾಗುಣಿತದ ತಪ್ಪು ಬಂದರೆ ವಾದ ಬೇಡ. ನಿಘಂಟು ತೆಗೆಯಿರಿ, ತಿದ್ದಿ, ವಂದನೆ ಹೇಳಿ. ಜನಾರ್ದನ ಎಂಬಲ್ಲಿ ಜನಾರ್ಧನ, ಹಾರ್ದಿಕ ಎಂಬಲ್ಲಿ ಹಾರ್ಧಿಕ, ಶುಭಾಶಯದ ಬದಲು ಶುಭಾಷಯ, ಇವು ನಮ್ಮೆಲ್ಲರ ಕೈಯಲ್ಲೂ ಆಗುವಂಥವು. ಒಂದು ಕಡೆ ಮಾತ್ರ ಹುಷಾರಾಗಿರಿ. ಆಡುಮಾತನ್ನು ಇದ್ದ ಹಾಗೆ ಬರೆದಿದ್ದರೆ ಅದನ್ನು ತಿದ್ದಲು ಹೋಗಬೇಡಿ. ಧಾರವಾಡದ ಅಜ್ಜಿಯೊಬ್ಬರು "ಹೋಗಿ ಬರ್ತೇನ್ರಿ" ಅಂದದ್ದನ್ನು "ಹೋಗಿ ಬರುತ್ತೇನೆ" ಎಂದು ಮಾಡಿದರೆ ಅಜ್ಜಿಯೇ ಮಾಯವಾಗುತ್ತಾರೆ. ಇದು ತಪ್ಪಲ್ಲ, ಅವರ ಮಾತು ಎಂದು ಓದುಗರಿಗೆ ಪ್ರೀತಿಯಿಂದ ಬರೆಯಿರಿ.

ಜನರ ಹೆಸರು, ಊರಿನ ಹೆಸರು ಕಾಗುಣಿತದ ಲೆಕ್ಕಕ್ಕೆ ಬರುವುದಿಲ್ಲ. ಅದು ಸಂಗತಿಯ ತಪ್ಪು. ಒಬ್ಬರ ತಂದೆಯ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದರೆ ಆ ಮನೆಯವರಿಗೆ ಲೇಖನವೇ ಸುಳ್ಳಾದ ಹಾಗೆ. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1853ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಸಾಲಮನ್ ನಾರ್ಥಪ್ ಎಂಬವರ ಬಗ್ಗೆ ಬರೆಯುವಾಗ ಅವರ ಹೆಸರನ್ನು ತಪ್ಪಾಗಿ ಅಚ್ಚು ಹಾಕಿತ್ತು. ಅದನ್ನು ತಿದ್ದಿ ಪ್ರಕಟಿಸಿದ್ದು 2014ರಲ್ಲಿ. 161 ವರ್ಷ ಆದಮೇಲೆ! ನನಗೆ ಇದು ತುಂಬ ಇಷ್ಟವಾದ ತಿದ್ದುಪಡಿ. ಆ ಮನುಷ್ಯ ಬದುಕಿಲ್ಲ, ಬರೆದವರೂ ಇಲ್ಲ. ಆದರೂ ಹೆಸರು ಸರಿಯಾಗಬೇಕಿತ್ತು.

3. ಬುಡಕ್ಕೆ ಹೋಗಿ ನೋಡಿ

ಜಾಸ್ತಿ ಸಮಯ ಬೇಕಾಗುವುದು ಇಲ್ಲಿಯೇ. ಓದುಗರು ಹೇಳಿದರು ಅಂತ ತಕ್ಷಣ ಬದಲಾಯಿಸಬೇಡಿ, ನಾನು ಓದಿದ ಪುಸ್ತಕದಲ್ಲಿ ಹಾಗಿಲ್ಲ ಅಂತ ತಳ್ಳಿಯೂ ಹಾಕಬೇಡಿ. ಎರಡು ಪುಸ್ತಕಗಳಲ್ಲಿ ಒಂದೇ ಮಾತಿದ್ದರೆ ಅದು ಎರಡು ಸಾಕ್ಷಿ ಅಲ್ಲ. ಒಂದನ್ನು ನೋಡಿ ಇನ್ನೊಂದನ್ನು ಬರೆದಿರಬಹುದು. ಮೂಲ ಯಾವುದು ಅಂತ ಹುಡುಕಬೇಕು.

ಶಾಸನದ ವಿಷಯ ಬರೆಯುವವರಿಗೆ ಬರುವ ದೂರುಗಳಲ್ಲಿ ವರ್ಷದ್ದೇ ಜಾಸ್ತಿ. ಶಕವರ್ಷಕ್ಕೆ 78 ಕೂಡಿಸಿದರೆ ಈಗಿನ ಇಸವಿ ಸಿಗುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಶಕವರ್ಷ ಶುರುವಾಗುವುದು ಯುಗಾದಿಗೆ. ಹಾಗಾಗಿ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕಾಗುತ್ತದೆ. ವಿಜಯನಗರಕ್ಕೆ ಪೆಟ್ಟು ಬಿದ್ದ ತಾಳಿಕೋಟೆ ಕದನವನ್ನೇ ತೆಗೆದುಕೊಳ್ಳಿ. ಅದು ಶಕ 1486. 78 ಕೂಡಿಸಿದರೆ 1564 ಬರುತ್ತದೆ. ಕದನ ನಡೆದದ್ದು 1565ರ ಜನವರಿಯಲ್ಲಿ. ಒಂದು ವರ್ಷ ತಪ್ಪಿದ್ದೀರಿ ಎಂದು ಓದುಗರು ಬರೆದರೆ ಮೊದಲು ಮಾಸ ನೋಡಿ. ಸಂವತ್ಸರದ ಹೆಸರೂ ಸಹಾಯಕ್ಕೆ ಬರುತ್ತದೆ. ಶಕ 1486 ರಕ್ತಾಕ್ಷಿ ಸಂವತ್ಸರ. ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗದಿದ್ದರೆ ಎಲ್ಲೋ ಓದುವುದರಲ್ಲಿ ಎಡವಿದ್ದೇವೆ.

ಅದೇ ಕದನವನ್ನು ರಕ್ಕಸಗಿ-ತಂಗಡಗಿ ಕದನ ಎಂದೂ ಕರೆಯುತ್ತಾರೆ. ನೀವು ಒಂದು ಹೆಸರು ಬರೆದರೆ ಇನ್ನೊಂದು ಹೆಸರು ಹಿಡಿದು ಕಾಗದ ಬರುವುದು ಖಂಡಿತ. ಇಂಥ ಕಡೆ ಎರಡೂ ಹೆಸರು ಹಾಕುವುದೇ ಸರಿ.

ಶಾಸನದ ಸಂಖ್ಯೆ ತಪ್ಪು ಎಂದು ಯಾರಾದರೂ ಹೇಳಿದರೆ ಆವೃತ್ತಿ ಕೇಳಿ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1886ರಿಂದ ಬರತೊಡಗಿದವು. ಅದರಲ್ಲಿ ತಾಲ್ಲೂಕಿನ ಹೆಸರು, ಮುಂದೆ ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಹೊಸ ಆವೃತ್ತಿಯಲ್ಲಿ ಸಂಖ್ಯೆಗಳು ಬೇರೆ. ಒಮ್ಮೆ ನಾನೂ ಒಬ್ಬ ಓದುಗರೂ ಒಂದು ಕೆರೆಯ ತೂಬಿನ ಕಲ್ಲಿನ ಬಗ್ಗೆ ಮೂರು ಕಾಗದ ಬರೆದುಕೊಂಡೆವು. ಕೊನೆಗೆ ನೋಡಿದರೆ ಅವರ ಕೈಯಲ್ಲಿ ಹಳೆಯದು, ನನ್ನ ಕೈಯಲ್ಲಿ ಹೊಸದು. ಇಬ್ಬರೂ ಸರಿ. ತಪ್ಪಿದ್ದದ್ದು ನನ್ನ ಬರವಣಿಗೆಯಲ್ಲಿ. ಯಾವ ಆವೃತ್ತಿ ಎಂದು ನಾನು ಹೇಳಿರಲಿಲ್ಲ.

ಇಬ್ಬರೂ ಸರಿ ಇರುವ ಇನ್ನೊಂದು ಬಗೆ ಪ್ರಶಸ್ತಿಗಳದು. ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದದ್ದು 2010ನೇ ಸಾಲಿನದು, ಪ್ರಕಟವಾದದ್ದು 2011ರಲ್ಲಿ. "2011ರಲ್ಲಿ ಜ್ಞಾನಪೀಠ" ಎಂದು ಬರೆದರೆ ಒಬ್ಬರು ತಿದ್ದುತ್ತಾರೆ. "2010ರಲ್ಲಿ" ಎಂದು ಬರೆದರೆ ಇನ್ನೊಬ್ಬರು. "2010ನೇ ಸಾಲಿನ" ಎಂದು ಬರೆದರೆ ಇಬ್ಬರಿಗೂ ಸಮಾಧಾನ. ನೋಡಿ, ಓದುಗರ ಒಂದು ಕಾಗದ ನಮ್ಮ ಭಾಷೆಯನ್ನೂ ಬಿಗಿ ಮಾಡುತ್ತದೆ.

ಬಾಯಿಮಾತಿನ ನೆನಪನ್ನು ಪುಸ್ತಕದ ತಕ್ಕಡಿಯಲ್ಲಿ ತೂಗಬೇಡಿ. "ಆ ಬಾವಿ ತೋಡಿಸಿದ್ದು ನಮ್ಮ ಮುತ್ತಾತ, ನೀವು ಬೇರೆಯವರ ಹೆಸರು ಬರೆದಿದ್ದೀರಿ" ಎಂದು ಒಬ್ಬರು ಹೇಳಿದರೆ ಕಾಗದಪತ್ರ ಇದೆಯಾ ಕೇಳಿ. ಹಳೆಯ ಫೋಟೊ ಇದ್ದರೆ ಹಿಂಬದಿಯಲ್ಲಿ ಏನಾದರೂ ಬರೆದಿದೆಯಾ ನೋಡಿ. ಅದೇ ಬೀದಿಯ ಇನ್ನೊಂದು ಮನೆಯ ಹಿರಿಯರನ್ನೂ ಕೇಳಿ. ಏನೂ ಸಿಗದಿದ್ದರೆ ಆ ಮಾತನ್ನು ಬಿಸಾಡಬೇಡಿ. "ಈ ಬಾವಿಯನ್ನು ತಮ್ಮ ಮುತ್ತಾತ ತೋಡಿಸಿದರು ಎಂದು ಆ ಮನೆಯವರು ಹೇಳುತ್ತಾರೆ" ಎಂದು ಸೇರಿಸಿ. ಅದು ನಿಜವಾದ ವಾಕ್ಯ. ಅವರು ಹಾಗೆ ಹೇಳುತ್ತಾರೆ ಎಂಬುದರಲ್ಲಿ ಸುಳ್ಳಿಲ್ಲ.

4. ತಪ್ಪು ಹೋದ ದಾರಿಯಲ್ಲೇ ತಿದ್ದುಪಡಿಯನ್ನೂ ಕಳಿಸಿ

ನನ್ನ ಮಟ್ಟಿಗೆ ಬೇರೆಲ್ಲ ಹೆಜ್ಜೆಗಳಿಗಿಂತ ಇದು ದೊಡ್ಡದು. ನಮ್ಮ ಮನೆಯ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಂಡರೆ ಏನೂ ಆಗಲಿಲ್ಲ. ತಪ್ಪು ಅಷ್ಟರಲ್ಲಿ ಬೇರೆಯವರ ಮನೆ ಸೇರಿದೆ.

ಮೊದಲು, ಬಂದ ಕಡೆಯೇ ತಿದ್ದಿ. ಮಾಸಪತ್ರಿಕೆಯಲ್ಲಿ ತಪ್ಪಿದ್ದರೆ ಮುಂದಿನ ಸಂಚಿಕೆಯಲ್ಲಿ, ನಿಮ್ಮ ಲೇಖನ ಬರುವ ಪುಟದಲ್ಲೇ ತಿದ್ದುಪಡಿ ಬರಲಿ. ಸಂಪಾದಕರು ಕೊನೆಯ ಪುಟದ ಮೂಲೆಯಲ್ಲಿ ಹಾಕೋಣ ಅನ್ನಬಹುದು. ಒಪ್ಪಬೇಡಿ, ಮೆಲ್ಲಗೆ ಒತ್ತಾಯ ಮಾಡಿ. ಪುಸ್ತಕವಾಗಿದ್ದರೆ ಉಳಿದ ಪ್ರತಿಗಳಲ್ಲಿ ತಪ್ಪು-ಒಪ್ಪು ಪಟ್ಟಿಯ ಚೀಟಿ ಅಂಟಿಸಿ. ನೂರು ಚೀಟಿಗೆ ಒಂದು ಸಂಜೆಯ ಕೆಲಸ, ಮಕ್ಕಳೂ ಕೂತು ಅಂಟಿಸುತ್ತಾರೆ.

ತಿದ್ದುಪಡಿ ಬರೆಯುವ ರೀತಿ ಸರಳ. ಏನು ಅಚ್ಚಾಗಿತ್ತು, ಸರಿ ಏನು, ಯಾರು ತೋರಿಸಿದರು. ನನ್ನದು ಹೀಗಿತ್ತು:

"ಕಳೆದ ಸಂಚಿಕೆಯ ನನ್ನ ಲೇಖನದಲ್ಲಿ 1956ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು ಎಂದಿತ್ತು. ಅದು ತಪ್ಪು. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಆಯಿತು. 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು. ತಪ್ಪು ನನ್ನದು. ತೋರಿಸಿಕೊಟ್ಟ ಓದುಗರಿಗೆ ವಂದನೆ."

ಇದರಲ್ಲಿ "ಕಣ್ತಪ್ಪಿನಿಂದ", "ಅನಿವಾರ್ಯ ಕಾರಣಗಳಿಂದ", "ತಪ್ಪು ನುಸುಳಿದೆ" ಇವು ಯಾವುವೂ ಇಲ್ಲ. ತಪ್ಪು ತಾನಾಗಿ ನುಸುಳುವುದಿಲ್ಲ, ಯಾರೋ ಬರೆದಿರುತ್ತಾರೆ. ಅಚ್ಚಿನ ಮನೆಯ ಮೇಲೆ ಹಾಕುವುದೂ ಬೇಡ, ಪ್ರೂಫ್ ನೋಡಿದವರ ಮೇಲೆ ಹಾಕುವುದೂ ಬೇಡ. ತೋರಿಸಿದವರ ಹೆಸರು ಹಾಕುವ ಮುಂಚೆ ಅವರನ್ನು ಕೇಳಿ. ಕೆಲವರಿಗೆ ಸಂತೋಷ, ಕೆಲವರಿಗೆ ಸಂಕೋಚ.

ಇನ್ನು ಅಲ್ಲಿಂದ ಮುಂದೆ ತಪ್ಪು ಎಲ್ಲಿಗೆ ಹೋಯಿತು ಎಂದು ಯೋಚಿಸಿ. ಆ ಲೇಖನವನ್ನು ಯಾರು ಕೇಳಿ ಪಡೆದಿದ್ದರು? ಯಾರು ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಂಚಿದರು? ಗುಡಿಯ ಗೋಡೆಯ ಫಲಕಕ್ಕೆ ಯಾರಾದರೂ ಅದರಿಂದ ಸಾಲು ತೆಗೆದರಾ? ಒಬ್ಬೊಬ್ಬರಿಗೂ ಫೋನು ಮಾಡಿ. ಹತ್ತು ಫೋನು ಆಗಬಹುದು, ಪರವಾಗಿಲ್ಲ. ನಾನು ಆ ಶಾಲೆಗೆ ಹೋದೆ. ಹೆಡ್‌ಮಾಸ್ಟರನ್ನು ಕೇಳಿ, ಏಳನೇ ಕ್ಲಾಸಿನ ಮಕ್ಕಳ ಮುಂದೆ ನಿಂತು, ತಪ್ಪು ಇವಳದಲ್ಲ, ನಾನು ಬರೆದದ್ದು ತಪ್ಪು ಎಂದು ಹೇಳಿದೆ. ಬೋರ್ಡಿನ ಮೇಲೆ ಎರಡು ವರ್ಷಗಳನ್ನೂ ಬರೆದೆ. ಆ ಹುಡುಗಿ ಮೊದಲು ತಲೆ ಎತ್ತಲಿಲ್ಲ. ಆಮೇಲೆ ಕೈ ಎತ್ತಿ ಕೇಳಿದಳು: "ಮೇಡಂ, ಹಂಗಾದ್ರೆ 1956ರಲ್ಲಿ ಯಾಕೆ ಕರ್ನಾಟಕ ಅಂತ ಇಡಲಿಲ್ಲ?" ಆ ಪ್ರಶ್ನೆಯ ಮೇಲೆ ಅರ್ಧ ಗಂಟೆ ಮಾತಾಡಿದೆವು.

ತಡವಾಯಿತು, ಈಗ ಏಕೆ ಅನ್ನಿಸಿದರೂ ತಿದ್ದಿ. ಅದೇ ನ್ಯೂಯಾರ್ಕ್ ಟೈಮ್ಸ್ 1920ರಲ್ಲಿ ರಾಬರ್ಟ್ ಗೊಡಾರ್ಡ್ ಎಂಬ ವಿಜ್ಞಾನಿಯನ್ನು ಹೀಯಾಳಿಸಿತ್ತು. ಗಾಳಿಯೇ ಇಲ್ಲದ ಕಡೆ ರಾಕೆಟ್ ಹೋಗಲಾರದು, ಅಷ್ಟೂ ಇವರಿಗೆ ಗೊತ್ತಿಲ್ಲವೇ ಎಂಬ ಅರ್ಥದಲ್ಲಿ ಬರೆದಿತ್ತು. 1969ರ ಜುಲೈ 16ಕ್ಕೆ ಅಪೊಲೊ 11 ಚಂದ್ರನ ಕಡೆ ಹೊರಟಿತು. ಮರುದಿನ ಪತ್ರಿಕೆ ತನ್ನ ಹಳೆಯ ಮಾತನ್ನು ತಿದ್ದಿಕೊಂಡಿತು. ಗೊಡಾರ್ಡ್ ಅಷ್ಟರಲ್ಲಿ ತೀರಿಕೊಂಡು ಹತ್ತಿರಹತ್ತಿರ 24 ವರ್ಷವಾಗಿತ್ತು. ಅವರಿರುವಾಗಲೇ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ವಯಸ್ಸಾದವರ ಬಗ್ಗೆ ತಪ್ಪು ಬರೆದಿದ್ದರೆ ಮುಂದಿನ ಸಂಚಿಕೆಗೂ ಕಾಯಬೇಡಿ. ಆ ವಾರವೇ ಅವರ ಮನೆಗೆ ಹೋಗಿ ಹೇಳಿ.

5. ನೋವಾಯಿತು ಎಂದವರ ಹತ್ತಿರ ವಾದ ಬೇಡ

ಬ್ರಿಟಿಷರ ಕಾಲದ ಗೆಜೆಟಿಯರ್, ಹಳೆಯ ದಾಖಲೆ ನೋಡಿ ಬರೆಯುವಾಗ ಅಲ್ಲಿದ್ದ ಜಾತಿಸೂಚಕ ಮಾತುಗಳು ನಮ್ಮ ಬರವಣಿಗೆಗೂ ಬಂದುಬಿಡುತ್ತವೆ. ಗಾದೆಗಳಲ್ಲೂ ಅಂಥವು ಬೇಕಾದಷ್ಟು. ಒಬ್ಬ ಓದುಗರು "ಆ ಪದ ನಮ್ಮನ್ನು ಚುಚ್ಚುತ್ತದೆ" ಎಂದರೆ "ದಾಖಲೆಯಲ್ಲಿ ಹಾಗೇ ಇದೆ" ಎಂಬುದು ಉತ್ತರವಲ್ಲ. ದಾಖಲೆ ಬರೆದವರು ಅವರನ್ನು ಕೇಳಿ ಬರೆದಿರಲಿಲ್ಲ. ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ ಎಂದು ಕೇಳಿ. ಆ ಪದ ಹಾಕಿ. ಕ್ಷಮೆ ಕೇಳುವಾಗ "ನಿಮಗೆ ನೋವಾಗಿದ್ದರೆ" ಎಂದು ಬರೆಯಬೇಡಿ. ನೋವಾಗಿದೆ ಎಂದು ಅವರು ಹೇಳಿಯಾಗಿದೆ.

ಮನೆತನದ ಸಾಲ, ಜಗಳ, ಅಕಾಲದ ಸಾವು ಇವೂ ಹೀಗೆಯೇ. ನಿಜವೇ ಇರಬಹುದು. ಆದರೆ ಕೆರೆಯ ಇತಿಹಾಸಕ್ಕೆ ಅದು ಬೇಕಿತ್ತಾ ಎಂದು ಕೇಳಿಕೊಳ್ಳಿ. ಬೇಡದಿದ್ದರೆ ತೆಗೆಯಿರಿ.

ಆದರೆ ಎಲ್ಲ ಒತ್ತಡವೂ ನೋವಲ್ಲ. ಒಂದು ಬೀದಿಯವರಿಗೆ ಆ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ ಎಂದು ನೀವು ಕೇಳಿ, ಖಾತ್ರಿ ಮಾಡಿಕೊಂಡು ಬರೆದಿದ್ದೀರಿ ಅನ್ನಿ. ಊರಿನ ಮರ್ಯಾದೆ ಹೋಗುತ್ತದೆ, ತೆಗೆಯಿರಿ ಎಂದು ಯಾರೋ ಹೇಳುತ್ತಾರೆ. ಅದನ್ನು ತೆಗೆಯಬಾರದು. ನೀರು ಸಿಗದವರ ನೋವೇ ಅಲ್ಲಿ ಮೊದಲನೆಯದು. ಮರ್ಯಾದೆಯಿಂದಲೇ ಹೇಳಿ: "ನಾನು ಇಷ್ಟು ಜನರನ್ನು ಕೇಳಿ ಬರೆದಿದ್ದೇನೆ. ಇದರಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದುತ್ತೇನೆ. ನಿಜವಿದ್ದರೆ ಇರಲಿ." ಹೀಗೆ ಹೇಳುವುದಕ್ಕೆ ಮೂರನೇ ಹೆಜ್ಜೆಯನ್ನು ಸರಿಯಾಗಿ ಮಾಡಿರಬೇಕು.

6. ಅಭಿಪ್ರಾಯ ಬೇರೆಯಾದಾಗ, ಬೈಗುಳ ಬಂದಾಗ

ಅಭಿಪ್ರಾಯ ಬೇರೆಯಾದರೆ ಒಂದು ಸಲ ಉತ್ತರಿಸಿ, ಅಲ್ಲಿಗೆ ಬಿಡಿ. ಮುದ್ದೆಗೆ ಬಸ್ಸಾರು ಚೆಂದವೋ ಉಪ್ಸಾರು ಚೆಂದವೋ ತೀರ್ಮಾನ ಆಗಬೇಕಾಗಿಲ್ಲ.

ಬೈಗುಳಕ್ಕೆ ಉತ್ತರ ಬೇಡ. ಆದರೆ ಒಂದು ಸಲ ಪೂರ್ತಿ ಓದಿ. ಕೋಪದ ಮಧ್ಯೆ ಒಂದು ನಿಜವಾದ ತಪ್ಪು ಇರಬಹುದು. ಇದ್ದರೆ ಅದನ್ನು ನೋಟ್‌ಬುಕ್ಕಿಗೆ ಇಳಿಸಿ, ತಿದ್ದಿ. ಬೆದರಿಕೆ ಇದ್ದರೆ ಕಾಗದ ಹರಿಯಬೇಡಿ, ಮೆಸೇಜು ಅಳಿಸಬೇಡಿ. ಮನೆಯವರಿಗೆ, ಸಂಪಾದಕರಿಗೆ ತೋರಿಸಿ. ಬೇಕಾದರೆ ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಇಟ್ಟುಕೊಂಡು ಕೊರಗಬೇಡಿ.

7. ತಪ್ಪು ತೋರಿಸಿದವರನ್ನು ಉಳಿಸಿಕೊಳ್ಳಿ

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿದವರಿಗೆ ತಲಾ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. 256 ಅಂದರೆ 16ನ್ನು 16ರಿಂದ ಗುಣಿಸಿದ ಸಂಖ್ಯೆ, ಕಂಪ್ಯೂಟರಿನವರಿಗೆ ಪ್ರಿಯವಾದದ್ದು. ಎಷ್ಟೋ ಜನ ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. ನಮ್ಮಲ್ಲೂ ಓಲೆಗರಿ ನಕಲು ಮಾಡಿದವರು ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿ ಓದಬೇಕು ಎಂದು ಓದುಗರನ್ನು ಕೇಳಿಕೊಳ್ಳುತ್ತಿದ್ದರು. ನಾನು ಚೆಕ್ ಕಳಿಸುವುದಿಲ್ಲ. ತಿದ್ದುಪಡಿ ಅಚ್ಚಾದ ಸಂಚಿಕೆಯ ಒಂದು ಪ್ರತಿಯನ್ನು, ಆ ಪುಟದಲ್ಲಿ ಒಂದು ಚೀಟಿ ಇಟ್ಟು, ಅವರಿಗೆ ಅಂಚೆಯಲ್ಲಿ ಕಳಿಸುತ್ತೇನೆ. ತಾವು ಹೇಳಿದ್ದು ಏನಾಯಿತು ಎಂದು ಅವರಿಗೆ ಗೊತ್ತಾಗಬೇಕಲ್ವಾ?

ವರ್ಷಕ್ಕೊಮ್ಮೆ ನೋಟ್‌ಬುಕ್ ತಿರುವಿ ಹಾಕಿ. ನಿಮ್ಮ ತಪ್ಪುಗಳ ಜಾಡು ಕಾಣುತ್ತದೆ. ನನ್ನವು ಹೆಚ್ಚಾಗಿ ಎರಡು ಕಡೆ: ನೆನಪಿನಿಂದ ಬರೆದ ಇಸವಿಗಳು, ಮತ್ತು ಸಂಬಂಧಗಳು. ಯಾರು ಯಾರ ಚಿಕ್ಕಪ್ಪ, ಯಾರು ಸೋದರಮಾವ ಎಂಬಲ್ಲಿ ನಾನು ಮತ್ತೆ ಮತ್ತೆ ಎಡವಿದ್ದೇನೆ. ಈಗ ಮನೆತನದ ವಿಷಯ ಬಂದರೆ ಮೊದಲು ವಂಶವೃಕ್ಷ ಬರೆದು, ಆ ಮನೆಯ ಹೆಂಗಸರಿಗೆ ತೋರಿಸುತ್ತೇನೆ. ಸಂಬಂಧಗಳ ಲೆಕ್ಕ ಅವರ ಬಾಯಲ್ಲಿ ತಪ್ಪಿದ್ದನ್ನು ನಾನು ನೋಡಿಲ್ಲ.

ಚೆನ್ನಾಗಿ ತಿದ್ದುವವರು ಸಿಕ್ಕರೆ ಅಚ್ಚಿಗೆ ಹೋಗುವ ಮುಂಚೆಯೇ ಕರಡು ಕೊಡಿ. ಅಂದು ಸಭೆಯಲ್ಲಿ ಎದ್ದು ತಿದ್ದಿದ ಮೇಷ್ಟ್ರ ಮನೆಗೆ ನಾನು ಆ ವಾರವೇ ಹೋಗಿದ್ದೆ. ಅವರೂ ನೊಂದಿದ್ದರು. "ಮಗುವಿನ ಮುಂದೆ ಹಂಗೆ ಹೇಳಬಾರದಿತ್ತು ತಾಯಿ, ಆಮೇಲೆ ಕರೆದು ಹೇಳಬಹುದಿತ್ತು" ಅಂದರು. ಅಂದಿನಿಂದ ನನ್ನ ಪ್ರತಿ ಕರಡೂ ಮೊದಲು ಅವರ ಹತ್ತಿರ ಹೋಗುತ್ತದೆ. ಈ ಸಲದ್ದು ಊರಿನ ಮೂರು ಕಟ್ಟೆಗಳ ಬಗ್ಗೆ. ಕೆಂಪು ಇಂಕಿನಲ್ಲಿ ಹನ್ನೊಂದು ಗುರುತು ಹಾಕಿ ವಾಪಸು ಕಳಿಸಿದ್ದಾರೆ. ಒಂಬತ್ತನ್ನು ತಿದ್ದಿದ್ದೇನೆ. ಇನ್ನೆರಡರ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಭಾನುವಾರ ಬೆಳಗ್ಗೆ ಬಿಸಿಲು ಏರುವ ಮುಂಚೆ ಇಬ್ಬರೂ ಕಟ್ಟೆಯ ಹತ್ತಿರ ಹೋಗಿ, ಅಲ್ಲಿರುವ ಕಲ್ಲನ್ನೇ ನೋಡಿ ಬರುವುದು ಎಂದಾಗಿದೆ.